ಶಬ್ದದ ಹುಡುಗನ ಮನೆಯಲ್ಲಿ ಎರಡು ದಿನ

ಮಗನಿಗೆ ಹೆಣ್ಣು ಕೇಳಲು ಹೋದಾಗ ಆ ಕಡೆಯವರು ಮೊದಲು ಏನು ಕೇಳುತ್ತಾರೆಂದು ನಿಮಗೆ ಗೊತ್ತೇ ಇದೆ. "ಹುಡುಗ ಏನು ಕೆಲಸದಲ್ಲಿದ್ದಾನೆ?" ಇಂಜಿನಿಯರ್ ಎಂದರೆ ಅರ್ಥವಾಗುತ್ತದೆ. ಸೌದಿಯಲ್ಲಿದ್ದಾನೆ ಎಂದರೆ ಇನ್ನೂ ಬೇಗ ಅರ್ಥವಾಗುತ್ತದೆ. ಸ್ವಂತ ಅಂಗಡಿ ಎಂದರೂ ನಡೆಯುತ್ತದೆ. ಆದರೆ ನನ್ನ ಅಕ್ಕನ ಮಗನ ವಿಷಯದಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಆಪಾ ನನ್ನ ಮುಖ ನೋಡುತ್ತಿದ್ದರು, ನಾನು ಚಹಾದ ಕಪ್ಪು ನೋಡುತ್ತಿದ್ದೆ. ಅವನು ಬೆಂಗಳೂರಿನಲ್ಲಿ ಸೌಂಡ್ ಡಿಸೈನರ್. ಈ ಹೆಸರನ್ನು ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಬಿಡಿಸಿ ಹೇಳುವುದು ನಮ್ಮಿಬ್ಬರಿಗೂ ಬರುತ್ತಿರಲಿಲ್ಲ.

ಒಂದು ಮನೆಯಲ್ಲಂತೂ ಹುಡುಗಿಯ ತಾಯಿ, "ಸೌಂಡ್ ಅಂದರೆ ಮದುವೆ ಮನೆಗೆ ಮೈಕ್ ಸೆಟ್ ಹಾಕುವ ಕೆಲಸವೇ?" ಎಂದು ಮೆಲ್ಲಗೆ ಕೇಳಿದರು. ಆಪಾ ನಗುತ್ತಾ "ಹೌದು ಹೌದು" ಎಂದುಬಿಟ್ಟರು. ಆ ಮಾತು ಅಲ್ಲಿಗೇ ಮುಗಿಯಿತು. ದಾರಿಯಲ್ಲಿ ನಾನು ಆಪಾರ ಮೇಲೆ ರೇಗಿದೆ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದರೆ ಅವರು ಉತ್ತರ ಕೊಡಲಿಲ್ಲ. ಆ ನಗುವನ್ನು ನೀವು ನೆನಪಿಟ್ಟುಕೊಳ್ಳಿ. ಅದರ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ.

2024ರ ಜುಲೈ ತಿಂಗಳ ಎರಡನೇ ಶುಕ್ರವಾರ ರಾತ್ರಿ ನಾವಿಬ್ಬರೂ ಹರಿಹರದಲ್ಲಿ ರೈಲು ಹತ್ತಿದೆವು. ನಾನು ಶಾಲೆಗೆ ರಜೆ ಹಾಕಿದ್ದೆ. ಉದ್ದೇಶ ಒಂದೇ. ಈ ಕೆಲಸ ಬಿಟ್ಟು ಊರಿಗೆ ಬಾ, ದಾವಣಗೆರೆಯಲ್ಲಿ ಪರಿಚಯದವರ ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ನೋಡುವ ಜಾಗ ಖಾಲಿ ಇದೆ ಎಂದು ಹುಡುಗನಿಗೆ ಹೇಳುವುದು. ಹೇಳಬೇಕಾದವಳು ನಾನು, ಏಕೆಂದರೆ ನಾನು ಟೀಚರ್. ನಮ್ಮ ಕುಟುಂಬದಲ್ಲಿ ಕಹಿ ಮಾತೆಲ್ಲ ಟೀಚರ್ ಪಾಲಿಗೆ.

ಬೆಳಿಗ್ಗೆ ಅವನ ಬಾಡಿಗೆ ಮನೆಯ ಬಾಗಿಲು ತೆರೆದಾಗ ಆಪಾ ಹೊಸ್ತಿಲಲ್ಲೇ ನಿಂತರು. ಎರಡೇ ಕೋಣೆ. ಒಂದರ ಗೋಡೆಗೆಲ್ಲ ಹಳೆಯ ಹಾಸಿಗೆ, ರಜಾಯಿ ಕಟ್ಟಿದ್ದಾನೆ. ಮೂಲೆಯಲ್ಲಿ ಹತ್ತು ಹನ್ನೆರಡು ಜೊತೆ ಚಪ್ಪಲಿ, ಬೂಟು. ಅವುಗಳ ನಡುವೆ ಹೆಂಗಸರ ಹೈಹೀಲ್ಡ್! ಮದುವೆಯಾಗದ ಹುಡುಗನ ಮನೆಯಲ್ಲಿ! ಆಪಾರ ಮುಖ ಸುಣ್ಣವಾಯಿತು. ಹುಡುಗ ನಕ್ಕು ಆ ಚಪ್ಪಲಿಗೆ ಕೈ ತೂರಿಸಿ ಕಲ್ಲಿನ ಹಲಗೆಯ ಮೇಲೆ ಟಕ್ ಟಕ್ ಎಂದು ಕುಟ್ಟಿ ತೋರಿಸಿದ. ಕಣ್ಣು ಮುಚ್ಚಿದರೆ ಒಬ್ಬ ಹೆಂಗಸು ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದು ಹೋದಂತೆಯೇ ಇತ್ತು.

ಅವನ ಕೆಲಸವೇ ಅದು ಸಹೋದರಿಯರೇ. ನಾವು ನೋಡುವ ಧಾರಾವಾಹಿ, ಜಾಹೀರಾತು, ಸಿನಿಮಾಗಳಲ್ಲಿ ಬಾಗಿಲು ತೆರೆದ ಸದ್ದು, ನಡೆದ ಸದ್ದು, ಮಳೆ, ಬಟ್ಟೆಯ ಸರಸರ ಇವೆಲ್ಲ ಕ್ಯಾಮೆರಾದ ಮುಂದೆಯೇ ಆದದ್ದೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಚಿತ್ರೀಕರಣದ ಹೊತ್ತಿನಲ್ಲಿ ಮೈಕು ಮಾತಿನ ಮೇಲೆ ಮಾತ್ರ ಗಮನ ಇಟ್ಟಿರುತ್ತದೆ. ಉಳಿದ ಸದ್ದುಗಳನ್ನು ಆಮೇಲೆ ಒಂದೊಂದಾಗಿ ಮಾಡಿ, ಚಿತ್ರಕ್ಕೆ ತಾಳೆಯಾಗುವಂತೆ ಕೂಡಿಸುತ್ತಾರೆ. ಒಂದು ಸೆಕೆಂಡಿನಲ್ಲಿ 24 ಚಿತ್ರಗಳು ಓಡುತ್ತವೆ. ಹೆಜ್ಜೆಯ ಸದ್ದು ಎರಡು ಮೂರು ಚಿತ್ರದಷ್ಟು ತಪ್ಪಿದರೂ ನಮಗೆ ಏನೋ ಸರಿಯಿಲ್ಲ ಅನ್ನಿಸಿಬಿಡುತ್ತದೆ. ಏನು ಸರಿಯಿಲ್ಲವೆಂದು ಮಾತ್ರ ಹೇಳಲು ಬರುವುದಿಲ್ಲ.

ಹೀಗೆ ಕೈಕಾಲುಗಳಿಂದಲೇ ಸದ್ದು ಮಾಡುವ ವಿದ್ಯೆಗೆ 'ಫೋಲಿ' ಎಂದು ಹೆಸರು. ಅದು ಒಬ್ಬ ಮನುಷ್ಯನ ಹೆಸರು. 1891ರಲ್ಲಿ ಹುಟ್ಟಿದ ಜ್ಯಾಕ್ ಫೋಲಿ ಅಮೆರಿಕದ ಯುನಿವರ್ಸಲ್ ಸ್ಟುಡಿಯೋದಲ್ಲಿದ್ದವರು. ಮೂಕಿ ಚಿತ್ರಗಳ ಕಾಲ ಮುಗಿದು ಮಾತಿನ ಚಿತ್ರಗಳು ಬಂದಾಗ, 1929ರ 'ಶೋ ಬೋಟ್' ಎಂಬ ಚಿತ್ರಕ್ಕೆ ಅವರು ಮತ್ತು ಜೊತೆಗಾರರು ಪರದೆ ನೋಡುತ್ತಾ ನೋಡುತ್ತಾ ಸದ್ದುಗಳನ್ನು ಮಾಡಿದರು. 1967ರಲ್ಲಿ ಅವರು ತೀರಿಕೊಂಡರು. ತಮ್ಮ ಕಾಲದ ಚಿತ್ರಗಳಲ್ಲಿ ಅವರ ಹೆಸರನ್ನು ಹಾಕುತ್ತಿರಲಿಲ್ಲ. ಇಂದು ಅವರ ಹೆಸರೇ ಆ ಕೆಲಸದ ಹೆಸರಾಗಿದೆ.

ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಅದು ಹತ್ತು ವರ್ಷ ನಡೆದು ಎಲ್ಲರೂ ಸುಸ್ತಾಗಿದ್ದಾರೆ. ನಾನು ಹೇಳಹೊರಟಿರುವುದು ಆ ಎರಡು ದಿನಗಳಲ್ಲಿ ಕಂಡದ್ದು ಮತ್ತು ಕೇಳಿದ್ದು.

ವಾರದ ಐದು ದಿನ ಹುಡುಗ ಒಂದು ಸ್ಟುಡಿಯೋದಲ್ಲಿ ದುಡಿಯುತ್ತಾನೆ. ಸೋಪು, ಎಣ್ಣೆ, ಬಿಸ್ಕತ್ತಿನ ಜಾಹೀರಾತುಗಳೇ ಹೆಚ್ಚು. ಶನಿವಾರ, ಭಾನುವಾರ ಮಾತ್ರ ಸ್ನೇಹಿತರ ಕೆಲಸ. ಆ ವಾರ ಹನ್ನೆರಡು ನಿಮಿಷದ ಒಂದು ಕಿರುಚಿತ್ರ. ಮಲೆನಾಡಿನ ಮಳೆಗಾಲದಲ್ಲಿ ಒಂಟಿಯಾಗಿರುವ ಮುದುಕಿಯ ಕತೆ. ನಿರ್ದೇಶಕ ವಾರವೆಲ್ಲ ಬ್ಯಾಂಕಿನಲ್ಲಿ ಕೂರುವವನು. ಕ್ಯಾಮೆರಾ ಹಿಡಿದವನು ಮದುವೆ ಫೋಟೋ ತೆಗೆಯುವವನು. ಅವನ ಹೆಂಡತಿ ಎಡಿಟಿಂಗ್ ಮಾಡುತ್ತಾಳೆ. ಇನ್ನೊಬ್ಬ ಕಲಬುರಗಿಯ ಹುಡುಗ, ಯಾವ ಕೆಲಸಕ್ಕೂ ಸೈ. ಯಾರಿಗೂ ಒಂದು ಪೈಸೆ ಸಂಬಳವಿಲ್ಲ. ಊಟ ಮಾತ್ರ ಹುಡುಗನ ಮನೆಯಲ್ಲಿ. ಚಿತ್ರೀಕರಣದ ದಿನ ಪಕ್ಕದಲ್ಲಿ ಜನರೇಟರ್ ಓಡುತ್ತಿತ್ತಂತೆ, ಹಾಗಾಗಿ ಮಾತೊಂದನ್ನು ಬಿಟ್ಟು ಎಲ್ಲ ಸದ್ದನ್ನೂ ಹೊಸದಾಗಿ ಮಾಡಬೇಕಿತ್ತು.

ಅವರೆಲ್ಲ ಮಧ್ಯಾಹ್ನ ಬರುವಷ್ಟರಲ್ಲಿ ಒಂದು ಅನಾಹುತ ಆಗಿಹೋಗಿತ್ತು. ಆಪಾ ಮನೆ ಗುಡಿಸಿ ಒರೆಸಿ, ಬುಟ್ಟಿಯಲ್ಲಿದ್ದ ಒಣಗಿದ ಎಲೆಗಳನ್ನೂ ತಟ್ಟೆಯಲ್ಲಿದ್ದ ಜಲ್ಲಿ ಮರಳನ್ನೂ ಕಸದವನಿಗೆ ಕೊಟ್ಟುಬಿಟ್ಟಿದ್ದರು. ಅದು ಕಾಡಿನಲ್ಲಿ ನಡೆಯುವ ಸದ್ದಿಗಾಗಿ ಕೂಡಿಟ್ಟದ್ದು! ಕಲಬುರಗಿಯ ಹುಡುಗ ಚೀಲ ಹಿಡಿದು ಪಾರ್ಕಿಗೆ ಓಡಿದ. ಆಪಾರಿಗೆ ನಾಚಿಕೆಯಾಯಿತು, ಆದರೆ ಒಪ್ಪಿಕೊಳ್ಳಲಿಲ್ಲ. "ಕಸವನ್ನು ಕಸ ಅನ್ನದೆ ಇನ್ನೇನು ಅನ್ನಬೇಕು?" ಎಂದರು.

ಆ ಸಂಜೆ ನಾನು ನೋಡಿದ್ದನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಿದಾಗ ಅವರು ಇಡೀ ತರಗತಿ ಸದ್ದಿಲ್ಲದೆ ಕೇಳಿದರು. ಚರ್ಮದ ಕೈಚೀಲ ಬಡಿದರೆ ಹಕ್ಕಿ ಹಾರಿದ ಸದ್ದು. ಬಟ್ಟೆ ಚೀಲದಲ್ಲಿ ಜೋಳದ ಪಿಷ್ಟ ತುಂಬಿ ಹಿಸುಕಿದರೆ ಮಂಜಿನ ಮೇಲೆ ನಡೆದಂತೆ. ತೆಂಗಿನ ಚಿಪ್ಪು ಎರಡು ಸಿಕ್ಕರೆ ಕುದುರೆ ಬಂತು. ನಾವು ದಿನಾ ಕೇಳುವುದನ್ನೇ ತೆಗೆದುಕೊಳ್ಳಿ. ಕಾದ ಎಣ್ಣೆಗೆ ಬಜ್ಜಿ ಬಿಟ್ಟಾಗ ಅಡಿಗೆಮನೆಗೆ ಬೆನ್ನು ಮಾಡಿ ನಿಂತು ಕೇಳಿ. ಥೇಟ್ ಮಳೆ. ನಾನು ಮನೆಗೆ ಬಂದ ಮೇಲೆ ಪರೀಕ್ಷಿಸಿ ನೋಡಿದೆ, ಒಂದು ಬಜ್ಜಿ ಕರಕಲಾಯಿತು.

ಮುದುಕಿ ಅಕ್ಕಿ ರೊಟ್ಟಿ ತಟ್ಟುವ ಒಂದು ದೃಶ್ಯವಿತ್ತು. ಹುಡುಗರು ಯಾರು ತಟ್ಟಿದರೂ ಅದು ರೊಟ್ಟಿಯಾಗದೆ ಚಪ್ಪಾಳೆಯಾಗುತ್ತಿತ್ತು. ಕೊನೆಗೆ ಹುಡುಗ, "ಅಮ್ಮಿ, ನೀವೇ ಬನ್ನಿ" ಎಂದ. ಆಪಾ ಮೊದಲು ಒಲ್ಲೆ ಎಂದರು, ಆಮೇಲೆ ಸೆರಗು ಸಿಕ್ಕಿಸಿಕೊಂಡು ಕುಳಿತರು. ಕೋಲಿನ ತುದಿಗೆ ಬೆಕ್ಕಿನ ಬಾಲದಂಥ ತುಪ್ಪಳ ಹೊದಿಸಿದ ಮೈಕನ್ನು ಅವರ ಕೈಗಳ ಹತ್ತಿರ ಹಿಡಿದರು. ಹಿಟ್ಟಿನ ಮೆತ್ತನೆಯ ತಟ್ಟು, ಗಾಜಿನ ಬಳೆಯ ಕಿಣಿಕಿಣಿ, ನಡುನಡುವೆ ನೀರಿಗೆ ಬೆರಳು ಅದ್ದುವ ಸಣ್ಣ ಸದ್ದು. ಹೆಡ್‌ಫೋನ್ ಹಾಕಿಕೊಂಡ ನಿರ್ದೇಶಕನ ಮುಖ ಅರಳಿತು. ಅಷ್ಟಾದ ಮೇಲೆ ಹುಡುಗ ಅವರ ಹಿಂದಿನಿಂದ, "ಸಾಕು ಅಮ್ಮಿ" ಎಂದ. ಆಪಾ ತಟ್ಟುತ್ತಲೇ ಇದ್ದರು. "ಸಾಕು ಅಮ್ಮಿ, ಸಿಕ್ಕಿತು." ಇನ್ನೊಂದು ರೊಟ್ಟಿ. ಮತ್ತೊಂದು. "ಆಂಟಿಗೆ ಹುರುಪು ಬಂದಿದೆ" ಎಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಹನ್ನೊಂದು ರೊಟ್ಟಿಯಾಯಿತು. ಹುಡುಗ ಮಾತ್ರ ನಗಲಿಲ್ಲ. ಅದನ್ನು ನಾನು ಆಗ ಗಮನಿಸಿರಲಿಲ್ಲ.

ರಾತ್ರಿ ಆ ಹನ್ನೊಂದು ರೊಟ್ಟಿ, ಖೀಮಾ ಇಟ್ಟುಕೊಂಡು ಎಲ್ಲರೂ ಸುತ್ತ ಕುಳಿತೆವು. ಅವರ ಮಾತೆಲ್ಲ ಈ ವಿದ್ಯೆಯ ದೊಡ್ಡವರದ್ದು. ಬೆನ್ ಬರ್ಟ್ ಎಂಬ ಅಮೆರಿಕದವರ ಕತೆಗಳಂತೂ ನಮ್ಮಂಥ ಗೃಹಿಣಿಯರಿಗೆ ಹೇಳಿ ಮಾಡಿಸಿದಂತಿದ್ದವು. ಅವರು ಚಿಕ್ಕವರಿದ್ದಾಗ ಕಾಯಿಲೆ ಬಿದ್ದು ಮಲಗಿದ್ದರಂತೆ. ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ತಂದೆ ಮಗುವಿನ ಬೇಸರ ಕಳೆಯಲು ಒಂದು ಟೇಪ್ ರೆಕಾರ್ಡರ್ ಮನೆಗೆ ತಂದರು. ಅಲ್ಲಿಂದ ಹತ್ತಿದ ಹುಚ್ಚು. ಓದಿದ್ದು ಭೌತಶಾಸ್ತ್ರ, ಮಾಡಿದ್ದು ಸದ್ದು. 1977ರ 'ಸ್ಟಾರ್ ವಾರ್ಸ್' ಚಿತ್ರದ ಬೆಳಕಿನ ಕತ್ತಿಯ ಗುಂಯ್‌ಗುಡುವಿಕೆ ನಮ್ಮ ಮಕ್ಕಳಿಗೂ ಪರಿಚಿತ. ಅದು ಹಳೆಯ ಪ್ರೊಜೆಕ್ಟರಿನ ಮೋಟಾರಿನ ಸದ್ದು ಮತ್ತು ಟಿ.ವಿ.ಯ ಗುಂಯ್‌ಕಾರ ಕೂಡಿ ಆದದ್ದು. 1981ರ ಒಂದು ಸಾಹಸ ಚಿತ್ರದಲ್ಲಿ ಹಾವುಗಳು ಒಂದರ ಮೇಲೊಂದು ಹರಿದಾಡುವ ಸದ್ದಿಗೆ ಹೆಂಡತಿ ಮಾಡಿಟ್ಟಿದ್ದ ಚೀಸಿನ ಅಡಿಗೆಯೊಳಗೆ ಕೈಯಾಡಿಸಿದರು. ಪುರಾತನ ಪೆಟ್ಟಿಗೆಯ ಕಲ್ಲಿನ ಮುಚ್ಚಳ ಸರಿಯುವ ಗಂಭೀರ ಸದ್ದೆಂದರೆ ಮನೆಯ ಶೌಚಾಲಯದ ನೀರಿನ ತೊಟ್ಟಿಯ ಮುಚ್ಚಳ!

1982ರ 'ಇ.ಟಿ.' ಚಿತ್ರದ ಅನ್ಯಗ್ರಹದ ಜೀವಿಯ ದನಿಯ ಕತೆ ಆಪಾರಿಗೆ ತಿಳಿಯಲೆಂದು ಹುಡುಗ ಅವರೆದುರು ಕುಳಿತು ನಿಧಾನವಾಗಿ ಹೇಳಿದ. ಬೆನ್ ಬರ್ಟ್ ಕ್ಯಾಮೆರಾ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಮಾತಾಡುವುದನ್ನು ಕೇಳಿದರು. ಧೂಮಪಾನದಿಂದ ಒರಟಾಗಿದ್ದ ಆ ಗಂಟಲೇ ಬೇಕೆಂದು ಆಕೆಯನ್ನು ಕರೆಸಿ ರೆಕಾರ್ಡ್ ಮಾಡಿದರು. ಅದರ ಜೊತೆಗೆ ಪ್ರಾಣಿಗಳ ಉಸಿರು, ತಮ್ಮ ಹಳೆಯ ಪ್ರಾಧ್ಯಾಪಕರ ತೇಗು, ಶೀತವಾಗಿ ಮಲಗಿದ್ದ ತಮ್ಮ ಹೆಂಡತಿಯ ಉಸಿರಾಟ! "ಪಾಪ, ಕಾಯಿಲೆ ಬಿದ್ದವಳ ಹತ್ತಿರ ಮೈಕ್ ಹಿಡಿಯುವುದೇ? ಕಷಾಯ ಮಾಡಿಕೊಡಬಾರದಿತ್ತೇ?" ಎಂದು ಆಪಾ ಸಿಟ್ಟಾದರು. ಎರಡನ್ನೂ ಮಾಡಿರಬಹುದು ಎಂದು ಕ್ಯಾಮೆರಾದವನ ಹೆಂಡತಿ ಸಮಾಧಾನ ಹೇಳಿದಳು.

ನಮ್ಮ ಪಕ್ಕದ ಕೇರಳದ ರಸೂಲ್ ಪೂಕುಟ್ಟಿಯವರ ಹೆಸರು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಕೊಲ್ಲಂ ಜಿಲ್ಲೆಯ ವಿಳಕ್ಕುಪಾರ ಎಂಬ ಹಳ್ಳಿಯ ಬಡ ಮುಸ್ಲಿಮ್ ಮನೆಯಲ್ಲಿ ಎಂಟು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದವರು. ತಂದೆ ಖಾಸಗಿ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದರು. ಊರಿಗೆ ವಿದ್ಯುತ್ ಇರಲಿಲ್ಲ. ಆರು ಕಿಲೋಮೀಟರ್ ನಡೆದು ಶಾಲೆಗೆ ಹೋಗಿ, ಸೀಮೆಎಣ್ಣೆ ದೀಪದಲ್ಲಿ ಓದಿದ ಹುಡುಗ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಶಬ್ದವನ್ನು ಕಲಿತು, 'ಸ್ಲಮ್‌ಡಾಗ್ ಮಿಲಿಯನೇರ್' ಚಿತ್ರದ ಶಬ್ದ ಮಿಶ್ರಣಕ್ಕಾಗಿ ಇಬ್ಬರು ವಿದೇಶಿ ಸಹೋದ್ಯೋಗಿಗಳ ಜೊತೆ 2009ರಲ್ಲಿ ಆಸ್ಕರ್ ಪಡೆದರು. ಮರುವರ್ಷ ಪದ್ಮಶ್ರೀ ಬಂತು. ಇದನ್ನು ಕೇಳಿ ನಾನು ಹುಡುಗನಿಗೆ, "ನಿನ್ನ ಊರಿಗೆ ಕರೆಂಟ್ ಇತ್ತಲ್ಲ, ನಿನಗೆ ನೆಪ ಇಲ್ಲ" ಎಂದೆ. ಅವನು, "ಕರೆಂಟ್ ಅಷ್ಟೇ ಅಲ್ಲ ಖಾಲಾ, ನಮ್ಮಲ್ಲಿ ಗಿರಣಿ ಇತ್ತು" ಎಂದ.

ನಿಜ. ಭಾವನವರು ಇಪ್ಪತ್ತೆರಡು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಮನೆಯ ಮುಂಭಾಗವೇ ಗಿರಣಿ. ಅವರು ಹೊರಗೆ ಹೋದಾಗ ಬೆಲ್ಟು ಏರಿಸಿ ಕಾಳು ಸುರಿಯುತ್ತಿದ್ದವರು ಆಪಾ. ಹುಡುಗ ಒಳಗೆ ಪುಸ್ತಕ ಹಿಡಿದು ಕುಳಿತಲ್ಲೇ, ಈಗ ರಾಗಿ, ಈಗ ಗೋಧಿ, ಈಗ ಒಣಮೆಣಸು ಎಂದು ಸದ್ದಿನಿಂದಲೇ ಹೇಳುತ್ತಿದ್ದ. ಕಲ್ಲಿಗೆ ಬಾಚಿ ಹೊಡೆಸುವ ಕಾಲ ಬಂತೆಂದು ಅಪ್ಪನಿಗೆ ಮೊದಲು ತಿಳಿಸುತ್ತಿದ್ದವನೂ ಅವನೇ. ನಾವು ಅದನ್ನು ಹುಡುಗಾಟ ಎಂದುಕೊಂಡಿದ್ದೆವು.

ಭಾನುವಾರ ಫಜ್ರ್ ಆದ ಕೂಡಲೇ ಅವರು ಮತ್ತೆ ಕೆಲಸಕ್ಕೆ ಕುಳಿತರು. ಬೆಂಗಳೂರಿನಲ್ಲಿ ವಾಹನಗಳು ಎಚ್ಚರಾಗುವ ಮೊದಲು ಸಿಗುವ ಆ ಒಂದು ಗಂಟೆ ಅವರಿಗೆ ಚಿನ್ನದಂಥದ್ದು. ಅವರು ಮೌನವನ್ನೂ ರೆಕಾರ್ಡ್ ಮಾಡುತ್ತಾರೆ ಎಂದರೆ ನಂಬುತ್ತೀರಾ? ಒಂದೊಂದು ಕೋಣೆಯ ಮೌನ ಒಂದೊಂದು ರೀತಿ. ಮಾತುಗಳ ನಡುವೆ ಏನೂ ಇಲ್ಲದೆ ಬಿಟ್ಟರೆ ಅಲ್ಲಿ ಹೊಂಡ ಬಿದ್ದಂತೆ ಕೇಳುತ್ತದೆ. ಅದಕ್ಕೇ ಎಲ್ಲರೂ ಒಂದು ನಿಮಿಷ ಅಲುಗಾಡದೆ ಕುಳಿತು ಬರೀ ಕೋಣೆಯನ್ನು ರೆಕಾರ್ಡ್ ಮಾಡುವುದು. ಹುಡುಗ ಪಿಸುದನಿಯಲ್ಲಿ, "ಯಾರೂ ಮಾತಾಡಬೇಡಿ, ಶುರು" ಎಂದ. ಇಪ್ಪತ್ತು ಸೆಕೆಂಡ್ ಆಗಿರಬಹುದು. ಆಪಾ ಗಟ್ಟಿಯಾಗಿ, "ಎಲ್ಲರೂ ಯಾಕೆ ಹೀಗೆ ಕುಳಿತಿದ್ದೀರಿ? ಚಹಾ ಇಡಲಾ?" ಎಂದರು.

ಮತ್ತೆ ನಗು. ಮತ್ತೆ ರೆಕಾರ್ಡು.

ಹತ್ತು ಗಂಟೆಗೆ ಅಲ್ಲಿಯವರೆಗೆ ಕೂಡಿಸಿದ್ದನ್ನೆಲ್ಲ ಚಿತ್ರದ ಜೊತೆ ಹಾಕಿ ನೋಡಿದೆವು. ರಾತ್ರಿಯ ದೃಶ್ಯ. ಮುದುಕಿ ಲಾಟೀನಿನ ಮುಂದೆ ಕುಳಿತಿದ್ದಾಳೆ. ಹೊರಗೆ ಜೀರುಂಡೆಗಳು. "ಜೀರುಂಡೆ ಜಾಸ್ತಿಯಾಯಿತು, ಕಿವಿ ಕೊರೆಯುತ್ತದೆ" ಎಂದ ನಿರ್ದೇಶಕ. ನನಗೂ ಹಾಗೇ ಅನ್ನಿಸಿತು. ಹುಡುಗ ಆಪಾರ ಕಡೆ ತಿರುಗಿ, "ಅಮ್ಮಿ, ನಿಮಗೆ?" ಎಂದು ಕೇಳಿದ. "ಎಲ್ಲಿದೆ ಜೀರುಂಡೆ?" ಎಂದರು ಆಪಾ. ಅವನು ಸದ್ದು ಏರಿಸಿದ. ನಾವು ಕಿವಿ ಮುಚ್ಚಿಕೊಂಡೆವು. "ಮುದುಕಿ ಕೆಮ್ಮಿದ್ದು ಕೇಳಿಸಿತು. ಜೀರುಂಡೆ ಇಲ್ಲವಲ್ಲ" ಎಂದರು.

ಈ ಸಲ ಯಾರೂ ನಗಲಿಲ್ಲ.

ಸ್ವಲ್ಪ ಹೊತ್ತಿನ ನಂತರ ಅವನು ನನ್ನನ್ನು ಒಬ್ಬಳನ್ನೇ ಆ ರಜಾಯಿ ಕಟ್ಟಿದ ಕೋಣೆಗೆ ಕರೆದ. ನಿನ್ನೆಯ ರೆಕಾರ್ಡಿನಲ್ಲಿ ನನ್ನ ದನಿಯೂ ಸೇರಿಕೊಂಡಿತ್ತು. "ಆಪಾ, ಸಕ್ಕರೆ ಸಾಕಾ? ಚಹಾ ಸೋಸಲಾ?" ಎಂದು ನಾನು ಕೇಳಿದ್ದು. "ಇದು ನೀವು ಮಾತಾಡಿದ್ದು ಖಾಲಾ" ಎಂದು ಒಮ್ಮೆ ಕೇಳಿಸಿದ. ಆಮೇಲೆ ಏನೋ ತಿರುಗಿಸಿ, ಎತ್ತರದ ಸ್ವರಗಳನ್ನೆಲ್ಲ ಕತ್ತರಿಸಿ, "ಅಮ್ಮಿಗೆ ಇದು ಹೀಗೆ ಕೇಳಿಸುತ್ತಿರಬಹುದು. ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾಗದು, ನನ್ನ ಅಂದಾಜು" ಎಂದು ಮತ್ತೆ ಕೇಳಿಸಿದ.

ಸಹೋದರಿಯರೇ, ನನ್ನ ದನಿ ನನ್ನದೇ ಎಂದು ಗೊತ್ತಾಯಿತು. ಯಾರೋ ಏನೋ ಕೇಳುತ್ತಿದ್ದಾರೆ ಎಂಬುದೂ ಗೊತ್ತಾಯಿತು. ಆದರೆ ಏನು ಕೇಳುತ್ತಿದ್ದಾರೆ? ಬಾಯಿಗೆ ಬಟ್ಟೆ ತುರುಕಿಕೊಂಡು ಗೋಡೆಯ ಆಚೆಯಿಂದ ಮಾತಾಡಿದಂತೆ. 'ಅ'ಕಾರ 'ಓ'ಕಾರಗಳು ಉಳಿದಿದ್ದವು, 'ಸ' ಎಲ್ಲೂ ಇರಲಿಲ್ಲ. ಮದ್ರಸದಲ್ಲಿ ನಮ್ಮ ಉಸ್ತಾದರು 'ಸೀನ್' ಮತ್ತು 'ಸ್ವಾದ್' ಅಕ್ಷರಗಳ ವ್ಯತ್ಯಾಸ ಕಿವಿಗೆ ಬೀಳುವವರೆಗೆ ನಮ್ಮನ್ನು ಏಳಲು ಬಿಡುತ್ತಿರಲಿಲ್ಲ. ಅಂಥ ಪಾಠ ಕಲಿತ ನಾನು, ನನ್ನ ಸ್ವಂತ ಅಕ್ಕನಿಗೆ ನನ್ನ ಅಕ್ಷರಗಳು ತಲುಪುತ್ತಿಲ್ಲ ಎಂಬುದನ್ನು ಎಷ್ಟೋ ವರ್ಷ ಗಮನಿಸಲಿಲ್ಲ. ಮೈಕ್ ಸೆಟ್ ಎಂದ ಆ ಮನೆಯಲ್ಲಿ "ಹೌದು ಹೌದು" ಎಂದು ನಕ್ಕದ್ದು ನೆನಪಾಯಿತು. ಮದುವೆ ಮನೆಗಳಲ್ಲಿ ಅವರು ಮೂಲೆಯಲ್ಲಿ ಸುಮ್ಮನೆ ಕುಳಿತಾಗ, ಕರೆದರೂ ತಿರುಗದೆ ಹೋದಾಗ, "ಮಗ ಬೆಂಗಳೂರು ಸೇರಿದ ಮೇಲೆ ಆಪಾರಿಗೆ ಗತ್ತು ಬಂದಿದೆ" ಎಂದು ಹೇಳಿದವರಲ್ಲಿ ನಾನೂ ಒಬ್ಬಳು.

ಇದು ಹೇಗೆ ಆಗುತ್ತದೆಂದು ಆಮೇಲೆ ವೈದ್ಯರಿಂದ ತಿಳಿದುಕೊಂಡೆ, ನಿಮಗೂ ಹೇಳಿಬಿಡುತ್ತೇನೆ. ಕಿವಿಯೊಳಗೆ ಬಸವನ ಹುಳುವಿನ ಚಿಪ್ಪಿನಂಥ ಒಂದು ಭಾಗದಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಸದ್ದನ್ನು ಹಿಡಿದು ಮೆದುಳಿಗೆ ಕಳಿಸುವುದು ಅವೇ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ ಮೊದಲು ಹೋಗುವುದು ತೀಕ್ಷ್ಣ ಸ್ವರಗಳನ್ನು ಹಿಡಿಯುವ ಕೋಶಗಳು. ವರ್ಷಗಟ್ಟಲೆ ಯಂತ್ರದ ಸದ್ದಿನಲ್ಲಿದ್ದವರಿಗೆ ಇನ್ನೂ ಬೇಗ, ಅದೂ 4000 ಹರ್ಟ್ಸ್ ಸುತ್ತಮುತ್ತ ಮೊದಲ ಪೆಟ್ಟು. ಜೀರುಂಡೆ ಕೂಗುವುದು ಸರಿಸುಮಾರು ಅಲ್ಲೇ. ನಮ್ಮ ಮಾತಿನ ಸ, ಶ, ಫ ಮುಂತಾದ ಅಕ್ಷರಗಳ ಜೀವವೂ ಆ ಎತ್ತರದಲ್ಲೇ ಇದೆ. ಸ್ವರಗಳು ಕೆಳಗಿವೆ, ಬಲವಾಗಿವೆ. ಹಾಗಾಗಿ ಇಂಥವರಿಗೆ ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಪಾತ್ರೆ ಬಿದ್ದರೆ ಬೆಚ್ಚುತ್ತಾರೆ. "ಬೇಕಾದದ್ದು ಮಾತ್ರ ಕೇಳಿಸುತ್ತದೆ" ಎಂದು ನಾವು ಕೊಂಕು ಮಾತಾಡುತ್ತೇವೆ. ಕಿರುಚುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಕಿರುಚಿದಾಗ ಏರುವುದು ಸ್ವರವೇ ಹೊರತು ಆ 'ಸ' ಅಲ್ಲ. ಎದುರು ಬಂದು, ಮುಖ ಕಾಣುವಂತೆ, ನಿಧಾನವಾಗಿ ಹೇಳಿದರೆ ಅರ್ಧ ಕಷ್ಟ ಕಳೆಯುತ್ತದೆ. ಹುಡುಗ ಇ.ಟಿ.ಯ ಕತೆ ಹೇಳುವಾಗ ಆಪಾರ ಎದುರೇ ಕುಳಿತದ್ದು ಯಾಕೆಂದು ಆಗ ಹೊಳೆಯಿತು. ಅವನಿಗೆ ರೊಟ್ಟಿಯ ಹೊತ್ತಿಗೇ ಅನುಮಾನ ಬಂದಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣ ದೋಷವಿದೆ. ಅವರಲ್ಲಿ 43 ಕೋಟಿ ಜನರಿಗೆ ನೆರವು ಬೇಕೇ ಬೇಕು. ಕನ್ನಡಕ ಹಾಕಿದವರನ್ನು ನಾವು ಯಾರೂ ಅಣಕಿಸುವುದಿಲ್ಲ. ಕಿವಿಯ ಮಾತು ಬಂದರೆ ಮಾತ್ರ ನಗು.

ಹೇಳುವ ಕೆಲಸ ಕೊನೆಗೆ ನನಗೆ ಬರಲಿಲ್ಲ, ಹುಡುಗನೇ ಹೇಳಿದ. ಅಷ್ಟು ಚೆನ್ನಾಗಿಯೇನೂ ಹೇಳಲಿಲ್ಲ. ಸ್ನೇಹಿತರು ಅಲ್ಲೇ ಇದ್ದರು. "ಅಮ್ಮಿ, ನಿಮಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ, ಡಾಕ್ಟರಿಗೆ ತೋರಿಸೋಣ" ಎಂದು ನೇರವಾಗಿ ಅಂದುಬಿಟ್ಟ. ಆಪಾರ ಕಣ್ಣು ಕೆಂಪಾಯಿತು. "ನಾನು ಕಿವುಡಿಯಾ? ಪರರ ಮುಂದೆ ತಾಯಿಗೆ ಹೀಗೆ ಹೇಳುವುದನ್ನು ಇಲ್ಲಿ ಕಲಿತೆಯಾ?" ಎಂದು ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಬಡಿಯತೊಡಗಿದರು. ಸ್ನೇಹಿತರು ಒಬ್ಬೊಬ್ಬರಾಗಿ ಚಪ್ಪಲಿ ಹಾಕಿಕೊಂಡರು. ಕ್ಯಾಮೆರಾದವನ ಹೆಂಡತಿ ಮಾತ್ರ ಒಳಗೆ ಹೋಗಿ ಆಪಾರ ಕೈ ಹಿಡಿದು ನಿಂತಳು. ಏನು ಮಾತಾಡಿದಳೋ ನನಗೆ ತಿಳಿಯದು. ಆ ರಾತ್ರಿಯ ರೈಲಿನಲ್ಲಿ ಆಪಾ ಹರಿಹರದವರೆಗೆ ಒಂದು ಮಾತೂ ಆಡಲಿಲ್ಲ. ಟೈಲ್ಸ್ ಅಂಗಡಿಯ ವಿಷಯ ಚೀಲದಲ್ಲೇ ಉಳಿಯಿತು.

ಆಮೇಲೆ ಮೂರು ತಿಂಗಳು ಬೇಕಾಯಿತು. ಹಿಂದೊಮ್ಮೆ ಕಿವಿ ಗುಂಯ್ ಎನ್ನುತ್ತದೆಂದು ಹೋದಾಗ ಒಬ್ಬ ವೈದ್ಯರು, "ವಯಸ್ಸಾಯಿತಲ್ಲ ಅಮ್ಮಾ" ಎಂದು ಹನಿ ಔಷಧಿ ಬರೆದುಕೊಟ್ಟು ಕಳಿಸಿದ್ದರಂತೆ. ಆಗ ಅವರಿಗೆ ಐವತ್ತೆರಡು. ಅದನ್ನು ನಮಗೆ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಅಕ್ಟೋಬರಿನಲ್ಲಿ ಒಂದು ದಿನ ಫೋನು ಮಾಡಿ, "ನೀನು ಜೊತೆಗೆ ಬರುವುದಾದರೆ ಹೋಗೋಣ, ಭಾವನವರಿಗೆ ಹೇಳಬೇಡ" ಎಂದರು. ದಾವಣಗೆರೆಗೆ ಹೋದೆವು. ಸದ್ದು ಹೊರಗಿನಿಂದ ಬರದ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದು ಸ್ವರ ಕೇಳಿಸಿದಾಗ ಗುಂಡಿ ಒತ್ತಿ ಎನ್ನುತ್ತಾರೆ. ನೋವಿಲ್ಲ, ಸೂಜಿಯಿಲ್ಲ, ಅರ್ಧ ಗಂಟೆಯ ಕೆಲಸ. ಬಂದ ನಕ್ಷೆಯಲ್ಲಿ ಗೆರೆ 1000 ಹರ್ಟ್ಸ್‌ವರೆಗೆ ಸಮವಾಗಿ ನಡೆದು, ಅಲ್ಲಿಂದ ಮೆಟ್ಟಿಲು ತಪ್ಪಿದವರಂತೆ ಕೆಳಗಿಳಿದಿತ್ತು. ಎರಡೂ ಕಿವಿಯಲ್ಲಿ. "ಎಲ್ಲಾದರೂ ಯಂತ್ರದ ಹತ್ತಿರ ಕೆಲಸ ಮಾಡಿದ್ದೀರಾ?" ಎಂದು ಆ ಹೆಣ್ಣುಮಗಳು ಕೇಳಿದಳು. ಆಪಾ ನನ್ನ ಮುಖ ನೋಡಿದರು.

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ. ಕಡಿಮೆ ಆದಾಯದವರಿಗೆ ಕೇಂದ್ರ ಸರಕಾರದ ಎಡಿಪ್ ಯೋಜನೆಯಡಿ ಶ್ರವಣ ಸಾಧನ ಸಿಗುತ್ತದೆ. ಗಿರಣಿ, ಮಗ್ಗ, ಗರಗಸದ ಮಿಲ್ಲುಗಳಲ್ಲಿ ಜೀವ ಸವೆಸಿದ ತಾಯಂದಿರು, ಅತ್ತೆಯಂದಿರು ನಮ್ಮ ಎಷ್ಟು ಮನೆಗಳಲ್ಲಿಲ್ಲ? ಅವರು ಟಿ.ವಿ.ಯ ಸದ್ದನ್ನು ಎಷ್ಟಕ್ಕೆ ಇಡುತ್ತಾರೆ ಎಂದು ಇಂದು ಸಂಜೆ ನೋಡಿ. ಬೆನ್ನ ಹಿಂದೆ ನಿಂತು ಸಾಧಾರಣ ದನಿಯಲ್ಲಿ ಒಮ್ಮೆ ಕರೆದು ನೋಡಿ. ಅನುಮಾನ ಬಂದರೆ ದಯವಿಟ್ಟು ಎಲ್ಲರೆದುರು ಹೇಳಬೇಡಿ.

ಕಿವಿ ಮೆಷಿನ್ ಹಾಕಿಸಿಕೊಂಡ ಮೊದಲ ವಾರ ಆಪಾ ನನಗೆ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದರು, ದೂರು ಹೇಳಲು. ಪೇಪರ್ ಮಡಚಿದರೆ ಪಟಾಕಿಯಂತೆ ಕೇಳುತ್ತದೆ. ನಲ್ಲಿ ಬಿಟ್ಟರೆ ತಲೆ ನೋಯುತ್ತದೆ. ಹೊಸದಾಗಿ ಹಾಕಿದವರಿಗೆಲ್ಲ ಹೀಗೇ ಆಗುತ್ತದಂತೆ, ಮೆದುಳು ಮರೆತ ಸದ್ದುಗಳನ್ನು ಮತ್ತೆ ಕಲಿಯಬೇಕು, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸಬೇಕು. "ನಿನ್ನ ಭಾವ ಊಟ ಮಾಡುವಾಗ ಇಷ್ಟೊಂದು ಸದ್ದು ಮಾಡುತ್ತಾರೆಂದು ನನಗೆ ಮರೆತೇ ಹೋಗಿತ್ತು" ಎಂದು ಒಂದು ದಿನ ಹೇಳಿದಾಗ ನಾವಿಬ್ಬರೂ ತುಂಬ ಹೊತ್ತು ನಕ್ಕೆವು. ಹುಡುಗನ ಮೇಲೆ ಸಿಟ್ಟು ಪೂರ್ತಿ ಇಳಿದಿದೆ ಎಂದು ಹೇಳಲಾರೆ. ಅತಿಥಿಗಳು ಬಂದಾಗ ಈಗಲೂ ಮೆಷಿನ್ ತೆಗೆದು ಡಬ್ಬಿಯಲ್ಲಿ ಇಡುವುದುಂಟು.

ಕಿರುಚಿತ್ರ ಮುಗಿದಿದೆ. ಹುಡುಗ ಅದನ್ನು ತಾಯಿಗೆ ಫೋನಿನಲ್ಲಿ ಕಳಿಸಿದ್ದ. ಆಪಾ ರೊಟ್ಟಿಯ ದೃಶ್ಯವನ್ನು ಮಾತ್ರ ಮತ್ತೆ ಮತ್ತೆ ನೋಡುತ್ತಾರೆಂದು ಭಾವ ಹೇಳಿದರು.

2025ರ ಜನವರಿಯಲ್ಲಿ ಇನ್ನೊಂದು ಮನೆಗೆ ಹೆಣ್ಣು ಕೇಳಲು ಹೋದೆವು. ದುಪಟ್ಟಾದ ಒಳಗೆ ಮೆಷಿನ್ ಇತ್ತು. ಅದೇ ಪ್ರಶ್ನೆ ಬಂತು. ನಾನು ಬಾಯಿ ತೆರೆಯುವ ಮೊದಲೇ ಆಪಾ ಹೇಳಿದರು: "ಸಿನಿಮಾಕ್ಕೆ, ಜಾಹೀರಾತಿಗೆ ಸದ್ದು ಕೂಡಿಸುತ್ತಾನೆ. ಮೈಕ್ ಸೆಟ್ ಅಲ್ಲ. ಒಂದರಲ್ಲಿ ನಾನು ರೊಟ್ಟಿ ತಟ್ಟಿದ್ದೂ ಇದೆ, ಬೇಕಾದರೆ ಕೇಳಿಸುತ್ತೇನೆ" ಎಂದು ಫೋನು ತೆಗೆದರು. ಹೆಣ್ಣಿನ ಕಡೆಯವರು ಕಿವಿಗೊಟ್ಟು ಕೇಳಿದರು. ಯೋಚಿಸಿ ಹೇಳುತ್ತೇವೆ ಎಂದರು.